ಎರಡನೇ ಹಾಳೆ

ಸೋಮವಾರ, 3
ಆಸ್ಪತ್ರೆಯಲ್ಲಿ ಇವತ್ತು ಏಳು ಫಾರಂ ತುಂಬಿಸಿದೆ. ಮೂತ್ರ ಸೋರುವವರು, ಗರ್ಭಕೋಶ ಜಾರಿದವರು. ನಾನು ಓದುತ್ತೇನೆ, ಅವರು ಹೇಳುತ್ತಾರೆ, ಗುರುತು ಹಾಕುತ್ತೇನೆ. ಐದನೇ ಕ್ಲಾಸು ಓದಿದ ಆಯಾ ಎದುರು ಯಾರಿಗೂ ಅಂಜಿಕೆಯಿಲ್ಲ, ಅದಕ್ಕೇ ಡಾಕ್ಟರಮ್ಮ ಈ ಕೆಲಸ ಕೊಟ್ಟಿದ್ದು. ಮೊದಲ ಪ್ರಶ್ನೆ: ಗಂಡನ ಜೊತೆ ಕೂಡುವುದುಂಟಾ? ಐವರು ‘ಇಲ್ಲ’ ಅಂದರು. ಅವರ ಫಾರಂ ಅಲ್ಲಿಗೇ ಮುಗಿಸಿದೆ.

ಗುರುವಾರ, 6
ಒಬ್ಬ ಟೈಲರಮ್ಮ. ಐವತ್ತಾರು ವರ್ಷ. ಗರ್ಭಕೋಶ ಜಾರಿದೆ. ಗಂಡ ಹೊರಗೆ ಬೆಂಚಿನ ಮೇಲೆ, ಅವಳ ಬ್ಯಾಗು ತೊಡೆಯ ಮೇಲಿಟ್ಟುಕೊಂಡು.
ಆಸೆಯಾಗುತ್ತಾ ಅಂತ ಕೇಳಿದೆ.
“ನೆಲ ನೋಡ್ಕೊಂಡು ಕೇಳ್ತೀಯೇನೇ? ನನ್ನ ನೋಡಿ ಕೇಳು. ‘ಕೆಲವೊಮ್ಮೆ’ ಅಂತ ಹಾಕು. ನಮ್ಮೋರನ್ನ ಕೇಳಿದ್ರೆ ‘ಯಾವಾಗಲೂ’ ಅಂತಾರೆ!” ಅಂತ ನಕ್ಕಳು.
“ಆಗ ಒದ್ದೆಯಾಗುವ ಭಯ…?”
“ಆಗುತ್ತೆ. ಟವೆಲ್ ಹಾಸ್ಕೋತೀವಿ. ಬೆಳಿಗ್ಗೆ ಅವರೇ ಒಗೀತಾರೆ.”
ಹೊಟ್ಟೆ ಉರಿದುಹೋಯಿತು. ಅವಳಿಗೆ ಐವತ್ತಾರು. ನನಗೆ ಇಪ್ಪತ್ತಾರು.

ಶನಿವಾರ, 8
ತಿಂಡಿ ತಿನ್ನುತ್ತಾ ಇವರು ಕೇಳಿದರು, “ಮಗೂಗೆ ಎರಡು ವರ್ಷ ಆಯ್ತಲ್ಲೇ. ಇನ್ನೂ ಆ ರೂಮಲ್ಲೇ ಮಲಗ್ತೀಯಾ?” ಬಟ್ಟೆ ನೆನೆಹಾಕಿದ್ದೇನೆ ಅಂತ ಎದ್ದುಬಿಟ್ಟೆ. ನೆನೆಹಾಕಿರಲಿಲ್ಲ. ಆ ಟೈಲರಮ್ಮನ ನಗು ಕಿವಿಯಲ್ಲೇ ಇದೆ. ಏನು ಪುಣ್ಯ ಮಾಡಿದ್ದಾಳೋ, ಮುದುಕಿ.

ಶನಿವಾರ, 15
ಡಾಕ್ಟರಮ್ಮನಿಂದ ಬೈಸಿಕೊಂಡೆ. ಹನ್ನೊಂದು ಫಾರಂಗಳಲ್ಲಿ ಎರಡನೇ ಹಾಳೆ ಖಾಲಿ.
“ಇಲ್ಲ ಅಂದೋರಿಗೇ ಕಣಮ್ಮಾ ಈ ಹಾಳೆ! ಯಾಕಿಲ್ಲ ಅಂತ ಕೇಳೋದೇ ಇದ್ರಲ್ಲಿ. ಅದು ಗೊತ್ತಾಗ್ದೆ ನಾನೇನು ಚಿಕಿತ್ಸೆ ಕೊಡ್ಲಿ? ಓದೋಕೆ ಬರ್ಲಿಲ್ವಾ?”
“ಬರ್ಲಿಲ್ಲ ಮೇಡಂ.”
ಸುಳ್ಳು. ಮೊದಲ ದಿನವೇ ಓದಿದ್ದೆ. ನನ್ನನ್ನೇ ಕೇಳಿದಂತಿತ್ತು.

ಮಂಗಳವಾರ, 18
ಹನ್ನೊಂದು ಜನರನ್ನೂ ಮತ್ತೆ ಕರೆಸುತ್ತಿದ್ದೇವೆ. ಟೈಲರಮ್ಮನೂ ಬಂದಿದ್ದಳು, ಆಪರೇಶನ್ ದಿನ ಕೇಳಲು. ಮಾತಾಡುವಾಗ ನನಗೆ ಸೀನು ಬಂತು. ಕಾಲು ಕತ್ತರಿ ಹಾಕಿ ಗೋಡೆ ಹಿಡಿದೆ. ನೋಡಿಬಿಟ್ಟಳು.
“ಎಷ್ಟು ದಿನದಿಂದ ಸೋರ್ತಿದೆ?”
“…ಹೆರಿಗೆಯಾದಾಗಿನಿಂದ.”
“ಗಂಡನಿಗೆ ಗೊತ್ತಾ?”
ಇಲ್ಲವೆಂದು ತಲೆ ಅಲ್ಲಾಡಿಸಿದೆ.
“ನಾನೂ ಏಳು ವರ್ಷ ಬಾಯಿ ಬಿಡ್ಲಿಲ್ಲ ಕಣೇ. ದೂರ ಮಲಗಿದೋಳು ನಾನೇ. ಆಮೇಲೆ, ಇವರಿಗೆ ಇನ್ನೊಬ್ಬಳಿದಾಳೆ ಅಂತ ಜೇಬು ತಡಕಿದೋಳೂ ನಾನೇ!”
ಗುಟ್ಟು ಕೆದಕಿದ್ದಕ್ಕೆ ಇವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಏಳು ವರ್ಷ ಅಂದಳಲ್ಲ, ಅದೇ ತಲೆಯಲ್ಲಿ ಕೂತಿದೆ. ನನ್ನದು ಎರಡಾಯಿತು.

ಭಾನುವಾರ, 23. ಸಂಜೆ
ಖಾಲಿ ಫಾರಂ ಒಂದನ್ನು ನಿನ್ನೆ ಡಾಕ್ಟರಮ್ಮನನ್ನು ಕೇಳಿಯೇ ತಂದಿದ್ದೆ. ಯಾರಿಗೆ ಅಂತ ಅವರು ಕೇಳಲಿಲ್ಲ. ಇವತ್ತು ಮನೆಯಲ್ಲಿ ಇವರ ಕೈಗೆ ಕೊಟ್ಟು, “ನೀವು ಓದಿ, ನಾನು ಹೇಳ್ತೀನಿ” ಅಂದೆ.
“ಇದೇನೇ, ಪರೀಕ್ಷೆನಾ?” ಅಂತ ನಕ್ಕರು. ಮೊದಲ ಪ್ರಶ್ನೆಗೆ ನಗು ನಿಂತಿತು.
“ಇಲ್ಲ” ಅಂದೆ. “ಎರಡನೇ ಹಾಳೆ ತೆಗೀರಿ.”
ಯಾಕಿಲ್ಲ ಅನ್ನುವುದಕ್ಕೆ ಕಾರಣಗಳನ್ನು ಒಂದೊಂದೇ ಓದಿದರು. ಗಂಡನೆಂದರೆ ಇಷ್ಟವಿಲ್ಲ. ನೋವು. ನಾಚಿಕೆ. ನಾಲ್ಕನೆಯದು, ಒದ್ದೆಯಾಗುವ ಭಯ.
“ಅಲ್ಲಿ ಹಾಕಿ.”
ಪೆನ್ನಿನ ತುದಿಯನ್ನು ಮೊದಲ ಕಾರಣದ ಹತ್ತಿರ ಒಯ್ದರು. “ನಾನು ಮೊದಲನೇದು ಅಂದ್ಕೊಂಡಿದ್ದೆ ಕಣೇ… ಎರಡು ವರ್ಷ.”
ಮುಖ ನೋಡಲಾಗದೆ ಇಲ್ಲಿ ಬಂದು ಬರೆಯುತ್ತಿದ್ದೇನೆ. ಫಾರಂ ಇನ್ನೂ ಅವರ ಹತ್ತಿರವೇ ಇದೆ. ಕರೆಯುತ್ತಿದ್ದಾರೆ… ಮುಂದಿನ ಪ್ರಶ್ನೆ ಅಂತೆ—