ಐದನೇ ಪಂಜರದ ಗಂಡು

ಮಾರ್ಚ್ 3, ಮಂಗಳವಾರ

ನಿದ್ದೆ ಬಾರದಿದ್ದರೆ ಮನಸ್ಸಿನಲ್ಲಿರುವುದನ್ನು ಬರೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಇದೆಂಥ ಶಿಕ್ಷೆ!

ಇವತ್ತು ನಾನು ಇಲಿ ಕಾಯುವ ಪ್ರಯೋಗಾಲಯದಲ್ಲಿ ಮೇಡಂ ಕೈಲಿ ಬೈಸಿಕೊಂಡೆ. ಐದನೇ ಪಂಜರದ ಗಂಡಿಲಿಗೆ ಮರಿಯಾಗುತ್ತಿಲ್ಲವೆಂದು ನಾನೇ ಮೂರು ಸಲ ಹೆಣ್ಣು ಬದಲಾಯಿಸಿದ್ದೆ. ತೆಗೆದ ಹೆಣ್ಣುಗಳಿಗೆಲ್ಲ 'ಗೊಡ್ಡು' ಎಂದು ಚೀಟಿ ಅಂಟಿಸಿ ಸಾಯಿಸಲು ಕಳಿಸಿದ್ದೆ.

"ಹೆಣ್ಣಿನದೇನು ತಪ್ಪು, ಯಜಮಾನ್ರೇ? ಆ ಗಂಡಿನ ಒಂದು ಜೀನನ್ನ ನಾವೇ ತೆಗೆದಿದೀವಿ. ಪಂಜರದ ಪಟ್ಟೀಲಿ ಬರೆದಿತ್ತಲ್ಲ, ಓದಲಿಲ್ವಾ? ಅದರ ವೀರ್ಯಾಣು ಚೆನ್ನಾಗೇ ಈಜತ್ತೆ, ಅಂಡದ ತನಕಾನೂ ಹೋಗತ್ತೆ. ತಲೆ ಮೇಲಿರಬೇಕಾದ ಪ್ರೋಟೀನೇ ಇಲ್ಲ, ಅದಕ್ಕೇ ಅಂಟಿಕೊಳ್ಳಲ್ಲ."

"ಕಲ್ಲುಗುಂಡಿನ ಹಾಗಿದೆಯಲ್ಲಮ್ಮ ಅದು!"

"ಮೈ ನೋಡಿದ್ರೆ ಗೊತ್ತಾಗಲ್ಲ."

ಮನೆಗೆ ಬಂದರೆ ಸೊಸೆಯ ಮುಖ ನೋಡಲಾಗಲಿಲ್ಲ. ಆರು ವರ್ಷದಲ್ಲಿ ನಾಲ್ಕು ಆಸ್ಪತ್ರೆಗಳಲ್ಲಿ ಅವಳೊಬ್ಬಳನ್ನೇ ಪರೀಕ್ಷೆ ಮಾಡಿಸಿದೆವು. ಹೋದ ವಾರ ಅವಳ ಮುಖಕ್ಕೇ ಗೊಡ್ಡು ಎಂದೆ. ಮಗನಿಗೆ ಇನ್ನೊಂದು ಮದುವೆ ಮಾಡೋಣ ಎಂದವನೂ ನಾನೇ. ಈ ತಿಂಗಳ ಇಪ್ಪತ್ತೆಂಟಕ್ಕೆ ಅವಳು ಮನೆ ಬಿಟ್ಟು ತವರಿಗೆ ಹೊರಟಿದ್ದಾಳೆ.

ಮಗನನ್ನು ಕೂರಿಸಿಕೊಂಡು, "ನೀನೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳೋ" ಎಂದೆ.

"ನನಗೇನಾಗಿದೆ ಧಾಡಿ? ಇಲಿ ಕಾಯ್ದೂ ಕಾಯ್ದೂ ನಿಮಗೆ ಮನುಷ್ಯರೂ ಇಲಿ ಥರ ಕಾಣ್ತಾರೆ, ಅಪ್ಪಾ" ಎಂದು ಎದ್ದುಹೋದ. ಮಾತಾಡುವ ಧಾಟಿಯೂ ನನ್ನದೇ.

ಸೊಸೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ತಪ್ಪಾಯಿತಮ್ಮ ಎನ್ನಲು ನನಗೆ ಬಾಯಿ ಬರಲಿಲ್ಲ.

ಬೆಳಿಗ್ಗೆ ಮಗನಿಗೆ ಹೇಳುವುದು ಇಷ್ಟೇ. ಪರೀಕ್ಷೆಗೆ ಬರುತ್ತೀಯೋ ಇಲ್ಲವೋ, ನಿನ್ನ ಹೆಂಡತಿ ಹೊರಡುವ ಮೊದಲೇ, ಇಪ್ಪತ್ತನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.