ಸಂಜೆಯಾದರೆ ಜಾರುವ ರೆಪ್ಪೆ

ಜೂನ್ ೩
ಮೂರನೇ ಗಿರಾಕಿಗೆ ಡ್ರೈಯರ್ ಹಿಡಿದಿದ್ದೆ. ಕೈ ತಾನಾಗಿ ಇಳಿಯಿತು — ಆಕೆಯ ಕಿವಿ ಚುರ್ ಎಂದಿತು. ಪಾರ್ಲರ್ ಅಕ್ಕ ಎಲ್ಲರೆದುರು, "ಇನ್ನೊಂದ್ಸಲ ಹೀಗಾದ್ರೆ ಕತ್ತರಿ ಕೆಳಗಿಟ್ಟು ಮನೇಗ್ ಹೋಗು" ಎಂದಳು. ಮನೆಗೆ ಬಂದರೆ ಗಂಡನ ರಾಗ: "ರೆಪ್ಪೆ ಜೋತ್‌ಬಿತ್ತು, ಮಾತು ಮೂಗಿಂದ ಶುರುವಾಯ್ತು. ಬೆಳಗ್ಗೆ ಚೆನ್ನಾಗೇ ಇದ್ಯಲ್ಲ! ಅಡುಗೆ ಹೊತ್ತಿಗೆ ಸರಿಯಾಗಿ ನಾಟಕ." ಉತ್ತರ ಕೊಡೋಣವೆಂದರೆ ನಾಲಗೆ ಏಳಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಜೂನ್ ೯
ಬೆಳಗ್ಗೆಯೇ ಡಾಕ್ಟರು ನೋಡಿದರು. ಕೈ ಎತ್ತಿ ಎಂದರು, ಎತ್ತಿದೆ. ಎಲ್ಲ ನಾರ್ಮಲ್ಲಂತೆ. ವಿಟಮಿನ್ ಬರೆದರು. ಗಂಡ ದಾರಿಯುದ್ದಕ್ಕೂ ನಕ್ಕ. ಎಲೆಕ್ಟ್ರಿಶಿಯನ್ ಅಲ್ಲವೇ... "ಲೈನ್ ಸರಿ ಇದೆ, ಸ್ವಿಚ್ಚು ನಿನ್ ಕೈಲೇ ಇದೆ" ಅಂತೆ. ಅವನ ಸ್ವಿಚ್ಚಿಗಿಷ್ಟು ಬೆಂಕಿ ಹಾಕ!

ಜೂನ್ ೨೭
ನರದ ಡಾಕ್ಟರ ಹತ್ತಿರ. ಬೇಕೆಂದೇ ಸಂಜೆ ಹೋದೆ, ದಿನವಿಡೀ ದುಡಿದು, ಜಾರಿದ ರೆಪ್ಪೆಯಲ್ಲೇ. ಗಂಡನನ್ನೂ ಎಳೆದುಕೊಂಡು ಹೋದೆ. ಕೈಗೆ ತಂತಿ ಅಂಟಿಸಿ ನರಕ್ಕೆ ಟಕ್ ಟಕ್ ಎಂದು ಸಣ್ಣ ಶಾಕ್ ಕೊಟ್ಟರು. ಪರದೆಯಲ್ಲಿ ಮೊದಲ ಗೆರೆ ಎತ್ತರ. ಆಮೇಲಿನವು ಕುಗ್ಗುತ್ತ ಹೋದವು.

"ನರದಲ್ಲಿ ಕರೆಂಟು ಕೊನೇವರೆಗೂ ಸರಿಯಾಗೇ ಬರ್ತಿದೆ," ಎಂದರು ಡಾಕ್ಟರಮ್ಮ. "ಆದ್ರೆ ನರ ಸ್ನಾಯುನ ಮುಟ್ಟಲ್ಲ. ನಡುವೆ ಒಂದು ಸಂದು. ನರದ ತುದಿ ರಾಸಾಯನಿಕ ಬಿಡುತ್ತೆ, ಅದು ದಾಟಿಹೋಗಿ ಸ್ನಾಯುಗೆ ಸುದ್ದಿ ಮುಟ್ಟಿಸ್ಬೇಕು. ಆಚೆ ಅದನ್ನ ಹಿಡ್ಕೊಳ್ಳೋ ಜಾಗಗಳನ್ನ ಇವರ ಮೈಯೇ ಹಾಳು ಮಾಡ್ತಿದೆ. ದುಡಿದಷ್ಟೂ ಸುದ್ದಿ ಸೊರಗುತ್ತೆ. ಮಲಗೆದ್ರೆ ಚೇತರಿಕೆ. ಅದಕ್ಕೇ ಬೆಳಗ್ಗೆ ಚೆನ್ನಾಗಿರ್ತಾರೆ."

"ವೈರು ತಾಗದೆ ಹೇಗೆ ಮೇಡಂ?" ಗಂಡ ಬೆಪ್ಪಾದ.

ಹೊರಗೆ ಬಂದು ನನ್ನನ್ನೇ ಕೇಳಿದ: "ಮೊದ್ಲೇ ಹೇಳೋದಲ್ವೇನೇ?"

ಮೊದಲೇ ಹೇಳಬೇಕಿತ್ತಂತೆ! ಬಾಯಿ ತೆರೆದೆ. ಸಂಜೆಯಾಗಿತ್ತಲ್ಲ, ದನಿ ಹೊರಡಲಿಲ್ಲ. ನಾಲಗೆ ತುದಿಯ ಬೈಗುಳವನ್ನೆಲ್ಲ ನುಂಗಿಕೊಂಡೆ.

ಜುಲೈ ೪, ಬೆಳಗ್ಗೆ ೬
ಮಾತ್ರೆ ಹಿಡಿದಿದೆ. ಆ ಸಂದಿನಲ್ಲಿ ರಾಸಾಯನಿಕ ಬೇಗ ಕರಗಿಹೋಗದಂತೆ ತಡೆಯುತ್ತದಂತೆ. ರೆಪ್ಪೆ ನೆಟ್ಟಗಿದೆ.

ಇಷ್ಟು ದಿನ ಜಗಳವಾಡಿದ್ದೆಲ್ಲ ಸಂಜೆ, ಅವನು ಕೆಲಸದಿಂದ ಬಂದ ಮೇಲೆ. ಒಂದನ್ನೂ ಮುಗಿಸಲಾಗಲಿಲ್ಲ. ನಾನು ಸುಮ್ಮನಾದರೆ ತಾನೇ ಗೆದ್ದೆ ಎಂದುಕೊಂಡ, ಪುಣ್ಯಾತ್ಮ. ಇವತ್ತು ಹೊದಿಕೆ ಎಳೆದು ಎಬ್ಬಿಸಿದೆ.

"ಏನೇ ಇದು, ಬೆಳಬೆಳಗ್ಗೆ?"

"ಎದ್ದು ಕೂತ್ಕೊಳ್ಳಿ. ಇವತ್ತು ಪೂರ್ತಿ ಕೇಳ್ಬೇಕು."

ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಮುಖ ತೊಳೆದು ಬರುತ್ತಾನಂತೆ. ಬರಲಿ. ಇವನಾದ ಮೇಲೆ ಪಾರ್ಲರ್ ಅಕ್ಕನ ಸರದಿ. ನಲ್ಲಿ ನಿಂತಿತು. ಬಂದ —