ಲ್ಯುಬೆನ್ ಕಳಿಸದ ಕಾಗದ

ಸೆಪ್ಟೆಂಬರ್ 22, ಮಧ್ಯಾಹ್ನ

ಸತ್ತವರ ಹೆಸರಲ್ಲಿ ಬೇಯಿಸಿದ ಸಿಹಿ ಗೋಧಿ ಹಂಚಿ ಬಂದದ್ದಾಯಿತು. ಸಕ್ಕರೆ ಹೆಚ್ಚಾಯಿತೆಂದು ಪಾವ್ಲಿನಾ ಗೊಣಗಿದಳು. ಶಾಲೆಯ ದಿನಗಳಿಂದ ಗೆಳತಿ... ಸಾವಿನ ಊಟದಲ್ಲೂ ಹುಳುಕು ಹುಡುಕುತ್ತಾಳೆ. ಗೇಟಿಗೆ ಸಾವಿನ ಹೊಸ ಸೂಚನಾಪತ್ರ ಅಂಟಿಸಿದೆ. ನನ್ನ ಗಂಡ ಲ್ಯುಬೆನ್‌ನ ಫೋಟೊ, ಕೆಳಗೆ 'ನಲವತ್ತು ದಿನ'. ಫೋಟೊದಲ್ಲಿ ಕಾಲರ್ ಮಡಚಿಕೊಂಡಿದೆ. ಈಗ ಗಮನಕ್ಕೆ ಬಂತು.

ಕನ್ನಡಿಗಳಿಗೆ ಮುಚ್ಚಿದ್ದ ಬಟ್ಟೆ ತೆಗೆದೆ. ಆಮೇಲೆ ಅವನ ಕಂಪ್ಯೂಟರಿನದು. ಸಾವಾದ ಮನೆಯಲ್ಲಿ ಮುಖ ಕಾಣುವುದೆಲ್ಲ ಮುಚ್ಚಿರಬೇಕು — ಅತ್ತೆ ಕಲಿಸಿದ್ದು. ಅವನು ಸತ್ತ ದಿನ ಆಸ್ಪತ್ರೆಯಿಂದ ಬಂದಾಗ ಪರದೆ ಬೆಳಗುತ್ತಲೇ ಇತ್ತು. ಬಟ್ಟೆ ಹಾಕಿದರೂ ಬೆಳಕು ಕಾಣುತ್ತಿತ್ತು. ಗೋಡೆಯಿಂದ ವೈರನ್ನೇ ಕಿತ್ತೆ.

ಇವತ್ತು ಆನ್ ಮಾಡಿ ಬ್ರೌಸರ್ ಒತ್ತಿದೆ. ಮರಳು ಗಡಿಯಾರ ಮೂಡಿತು, ಮಾಯವಾಯಿತು. ಮತ್ತೇನೂ ಇಲ್ಲ. ಇಪ್ಪತ್ತು ಸಲ ಒತ್ತಿರಬೇಕು.

ಸಂಜೆ

ಆ ಕಾಗದ ಓದಬೇಕು. ನನಗೆ ಬೇಕಾದದ್ದು ಅಷ್ಟೇ. ಕೊನೆಯ ದಿನ ಆಸ್ಪತ್ರೆಯಲ್ಲಿ ಲ್ಯುಬೆನ್ ಮೂಗಿನ ನಳಿಕೆ ಸರಿಸಿ ಹೇಳಿದ್ದ.

"ನಿಂಗೊಂದು ಕಾಗದ ಬರ್ದಿದೀನಿ ಕಣೇ. ಕಳ್ಸೋಕೆ ಧೈರ್ಯ ಬರ್ಲಿಲ್ಲ. ನನ್ನ ಮೇಲ್ ತೆರೆದೇ ಇರತ್ತೆ, ಓದ್ಕೋ."

"ಮನೆಗ್ ಬಂದು ಬಾಯಲ್ಲೇ ಹೇಳು," ಎಂದೆ.

ಹನ್ನೊಂದು ವರ್ಷದಿಂದ ನಮ್ಮ ಮಾತೆಂದರೆ ಉಪ್ಪು ಕೊಡು, ಬಾಗಿಲು ಹಾಕು. ಯಾವ ಜಗಳದಿಂದ ಶುರುವಾಯಿತೋ ಅದೂ ಮರೆತಿದೆ. ನಲವತ್ತು ದಿನ ಕಂಪ್ಯೂಟರ್ ಮುಟ್ಟಲಿಲ್ಲ, ಶಾಸ್ತ್ರ ಎಂದುಕೊಂಡೆ. ನಿಜಕ್ಕೂ ಹೆದರಿದ್ದೆ.

ಸೆಪ್ಟೆಂಬರ್ 24

ಕೆಳಮನೆಯ ಮೆತೊದಿ ಬಂದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಇದ್ದವನು, ಲ್ಯುಬೆನ್‌ನ ಜೊತೆಗಾರ. ಚಳಿಗಾಲಕ್ಕೆ ಕೂಡಿಡಲು ಬಾಲ್ಕನಿಯಲ್ಲಿ ದಪ್ಪ ಮೆಣಸಿನಕಾಯಿ ಸುಡುತ್ತಿದ್ದನಂತೆ, ಮೈಯೆಲ್ಲ ಹೊಗೆ ವಾಸನೆ.

"ನೆವೆನಕ್ಕಾ, ಇದ್ರಲ್ಲಿ ಇನ್ನೂ 2009! ಎಷ್ಟು ವಯಸ್ಸು ಕಮ್ಮಿ ಆಯ್ತು ನೋಡಿ ನಿಮ್ಗೆ."

ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಬದಲಿಸಿದ. ತಾರೀಖು ಸರಿಹೋಯಿತು, ಬ್ರೌಸರ್ ಏಳಲಿಲ್ಲ.

"ಓಡ್ತಿದ್ದಾಗ್ಲೇ ವೈರ್ ಕಿತ್ರಾ?"

"ಮುಚ್ಚಬೇಕಿತ್ತಲ್ಲ."

"ಸತ್ತೋರು ಕನ್ನಡೀಲಿ ಸಿಕ್ಕಾಕೋತಾರೆ ಅಂತ ಕೇಳಿದ್ದೆ. ಕಂಪ್ಯೂಟರಲ್ಲಿ ಅಂತ ಇವತ್ತೇ ಕೇಳಿದ್ದು!" ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ. "ಪಾಸ್‌ವರ್ಡೆಲ್ಲ ಇಟ್ಕೊಂಡಿರೋ ಫೋಲ್ಡರ್ ಕೆಟ್ಟಿದೆ ಅಕ್ಕ. ಮೊದ್ಲು ಅದ್ರ ನಕಲು ತೆಗೀಬೇಕು. ಭಾನುವಾರ ಡಿಸ್ಕ್ ತರ್ತೀನಿ. ಅಲ್ಲೀತಂಕ ಕೈ ಹಚ್ಬೇಡಿ, ದಮ್ಮಯ್ಯ."

ಸೆಪ್ಟೆಂಬರ್ 28, ಭಾನುವಾರ

ಮೆತೊದಿ ಬರಲಿಲ್ಲ. ಹಳ್ಳಿಯಲ್ಲಿ ಪ್ಲಮ್ ಸಾರಾಯಿ ಇಳಿಸಲು ಭಟ್ಟಿಯ ಸರದಿ ಸಿಕ್ಕಿತಂತೆ. ಬಿಟ್ಟರೆ ಮತ್ತೆ ತಿಂಗಳಾಗುತ್ತದೆ. ಅವನದೂ ತಪ್ಪಲ್ಲ.

ಸೆಪ್ಟೆಂಬರ್ 29, ಬೆಳಿಗ್ಗೆ 6

ಸುಮ್ಮನೆ ಒಂದು ಸಲ ಒತ್ತಿದೆ. ಈ ಸಲ ಒಂದು ಚೌಕ ಬಂತು. 'ಬ್ರೌಸರ್ ಶುರುವಾಗುತ್ತಿಲ್ಲ. ಹಳೆಯದೆಲ್ಲ ತೆಗೆದು ಹೊಸದಾಗಿ ಶುರುಮಾಡಲೇ?'

ಆಸ್ಪತ್ರೆಯ ಲಾಂಡ್ರಿಯಲ್ಲಿ ಜೀವಮಾನವೆಲ್ಲ ಹಾಸಿಗೆ ಬಟ್ಟೆ ಒಗೆದವಳು ನಾನು. ಕೊಳೆ ತೆಗೆದು ಹೊಸದು ಮಾಡುವುದೊಂದೇ ಗೊತ್ತು. 'ಹೌದು' ಒತ್ತಿದೆ.

ತೆರೆಯಿತು! ಕೂಗಿಯೇ ಬಿಟ್ಟೆ.

6.20

ಪಾಸ್‌ವರ್ಡ್ ಕೇಳುತ್ತಿದೆ.

ಅಕ್ಟೋಬರ್ 3

ಮೆತೊದಿ ನೋಡಿದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬಯ್ಯಿ ಎಂದೆ. ಬಯ್ಯಲಿಲ್ಲ. ಹಳೆಯ ಫೋಲ್ಡರಿನ ಚೂರೂ ಉಳಿದಿಲ್ಲ. ಇನ್ನಿರುವುದು ಪಾಸ್‌ವರ್ಡ್ ಮರೆತವರಿಗಾಗಿ ಇಟ್ಟ ಪ್ರಶ್ನೆ. ಲ್ಯುಬೆನ್ ತಾನೇ ಬರೆದದ್ದು. ಮೆತೊದಿ ಓದಿದ — 'ಮದುವೆಗೆ ಮುಂಚೆ ನೆವೆನಾ ನನ್ನನ್ನು ಏನೆಂದು ಕರೆಯುತ್ತಿದ್ದಳು?'

"ಅಯ್ಯೋ, ಗೆದ್ವಲ್ಲ ಅಕ್ಕ! ಟೈಪ್ ಮಾಡಿ. ಮೂರೇ ಸಲ ಬಿಡತ್ತೆ, ಆಮೇಲೆ ಬೀಗ."

ಹೆಸರನ್ನೇ ಮುದ್ದಾಗಿ ಮೊಟಕು ಮಾಡಿ 'ಲ್ಯುಬ್ಚೋ' ಎಂದು ಟೈಪ್ ಮಾಡಿದೆ. ತಪ್ಪು.

ಮೆತೊದಿ ಕಾದ. ನಾನು ಕೈ ತೆಗೆದೆ. ಅವನು ಟೋಪಿ ಹಾಕಿಕೊಂಡು ಎದ್ದುಹೋದ.

ನೆನಪಿಲ್ಲ. ನನಗೆ ನೆನಪಿಲ್ಲ. ಮದುವೆಯಾದ ಮೇಲೆ ಕರೆದದ್ದೆಲ್ಲ ನೆನಪಿಗೆ ಬರುತ್ತಿದೆ. ಮೊದ್ದು, ಗೂಬೆ, ದಂಡಪಿಂಡ...

ಅಕ್ಟೋಬರ್ 9

ಪಾವ್ಲಿನಾಳನ್ನು ಕೇಳಿದೆ.

"ನಂಗೇನೇ ಗೊತ್ತು? ನೀವಿಬ್ರೂ ಡ್ಯಾನ್ಯೂಬ್ ನದಿ ದಂಡೇಲಿ ಪಿಸುಪಿಸು ಅಂತಿದ್ರಿ, ನಾನು ದೂರ ನಿಂತು ಕಾವಲು. 'ಗುಬ್ಬಿ' ಅಂತಿದ್ಯೇನೋ. ಹೂಂ, ಗುಬ್ಬೀನೇ."

ಅಷ್ಟು ಖಚಿತವಾಗಿ ಹೇಳಿದಳು, ನಂಬಿ ಟೈಪ್ ಮಾಡಿದೆ. ತಪ್ಪು. ಅವಳ ಮೇಲೆ ಹಾರಾಡಿದೆ. ಅವಳು ಕಾಫಿ ಅರ್ಧಕ್ಕೇ ಬಿಟ್ಟು ಹೋದಳು.

ನಲವತ್ತಮೂರು ವರ್ಷ ಅವನು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ನಾನು ಎಲ್ಲೋ ಕಳೆದುಬಿಟ್ಟೆ, ಕಳೆದದ್ದೂ ತಿಳಿಯಲಿಲ್ಲ. ನಾಚಿಕೆಯಾಗುತ್ತದೆ. ಇವತ್ತು ಕೂತು ಅತ್ತುಬಿಟ್ಟೆ. ಹೂಳಿದ ದಿನವೂ ಇಷ್ಟು ಅತ್ತಿರಲಿಲ್ಲ.

ನವೆಂಬರ್ 2, ಬೆಳಿಗ್ಗೆ

ಹಾಲು ಕಾಯಿಸುತ್ತಿದ್ದೆ. ಒಂದು ಹೆಸರು ಬಾಯಿಗೆ ಬಂತು. ಜೋರಾಗಿಯೇ ಹೇಳಿದೆ, ಕೇಳಿ ಬೆಚ್ಚಿದೆ. ಇದೇ ಇರಬೇಕು. ಅಥವಾ ಇಷ್ಟು ದಿನ ಹುಡುಕಿ ಹುಡುಕಿ ನಾನೇ ಈಗ ಹುಟ್ಟಿಸಿಕೊಂಡದ್ದೋ... ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಒರೆಸಿಲ್ಲ.

ಟೈಪ್ ಮಾಡಿ ಕೂತಿದ್ದೇನೆ. ಇದೇ ಮೂರನೆಯದು, ಕೊನೆಯ ಸಲ. ಇನ್ನೂ ಒತ್ತಿಲ್ಲ. ಒತ್ತದೆ ಬಿಟ್ಟರೆ ಕಾಗದ ಒಳಗೇ ಇರುತ್ತದೆ, ನನ್ನ ಹೆಸರಿಗೇ. ಒತ್ತಿ ತಪ್ಪಾದರೆ — ಅವನು ಕೇಳಿಟ್ಟ ಒಂದೇ ಒಂದು ಮಾತಿಗೂ ನಾನು ಉತ್ತರ ತಿಳಿಯದವಳಾಗಿಯೇ ಉಳಿಯುತ್ತೇನೆ.